ಎಲ್ಲೆಯ ಅಳತೆಯೂ ಕೋಲಾರದ ಚಿನ್ನದ ಗಣಿಯೂ

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ನಮ್ಮ ಬಾರಾಮಹಲ್ ಸೀಮೆಯು ಮೈಸೂರಿನಿಂದ ಬೇರ್ಪಟ್ಟು ಈಸ್ಟ್ ಇಂಡಿಯಾ ಕಂಪನಿಯ ವಶವಾದುದನ್ನು ವಾಚಕರು ಬಲ್ಲರು. ಟಿಪ್ಪುವಿನ ಪತನಾನಂತರ ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನನು 1802ರಲ್ಲಿ ಕೋಲಾರ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ಸುದ್ದಿಯನ್ನು ಕೇಳಿದನು. ಹಳ್ಳಿಗರು ಮಣ್ಣನ್ನು ತೊಳೆದು ಹೊನ್ನಿನ ಕಣಗಳನ್ನು ಆಯುವುದನ್ನು ಅವನು ಕಣ್ಣಾರೆ ಕಂಡನು. ನಾಡುಗಳನ್ನು ವಿಂಗಡಿಸುವ ಅಳತೆಯೇ, ಎಲ್ಲೆಯ ಈಚೆಯ ಜನರನ್ನು ಮುಂದೆ ತನ್ನತ್ತ ಸೆಳೆದ ಗಣಿಗೆ ನಾಂದಿಯಾಯಿತು.

1875ರಲ್ಲಿ ಮೈಕೇಲ್ ಲವೆಲ್ ಎಂಬವನು ಮೈಸೂರು ಸರ್ಕಾರದಿಂದ ಗಣಿ ತೋಡಲು ಅಪ್ಪಣೆ ಪಡೆದನು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಕೆಲಸವು ಊರ್ಜಿತವಾಯಿತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ತಂತಿಯ ಮೂಲಕ ವಿದ್ಯುತ್ತು ಗಣಿಗಳಿಗೆ ಹರಿಯಿತು.

ಬೆಣಚುಕಲ್ಲಿನ ಪದರಗಳಲ್ಲಿ ಚಿನ್ನವು ಅಡಗಿತ್ತು. ಕಾರ್ಮಿಕರು ಪಂಜರದಲ್ಲಿ ಪಾತಾಳಕ್ಕಿಳಿದು, ಬಂಡೆಗೆ ರಂಧ್ರ ಕೊರೆದು, ಸಿಡಿಮದ್ದಿನಿಂದ ಒಡೆದು, ಅದುರನ್ನು ಮೇಲಕ್ಕೆ ಕಳುಹಿಸುತ್ತಿದ್ದರು. ಮೇಲೆ ಅದನ್ನು ಯಂತ್ರದ ಒನಕೆಗಳಿಂದ ಕುಟ್ಟಿ, ಪಾದರಸ ಮತ್ತು ಸೈನೈಡಿನ ಸಹಾಯದಿಂದ ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳವನ್ನು ಮುಟ್ಟಿತು. ಅಲ್ಲಿನ ಬಂಡೆಯ ಶಾಖವು 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತ್ತು. ಮೇಲಿನ ಭಾರಕ್ಕೆ ಬಂಡೆಗಳು ಒಮ್ಮೆಲೇ ಸಿಡಿದು ಅನೇಕರನ್ನು ಬಲಿ ತೆಗೆದುಕೊಂಡವು. ಕಲ್ಲಿನ ಧೂಳು ಶ್ವಾಸಕೋಶವನ್ನು ಸೇರಿ ಮತ್ತೆಷ್ಟೋ ಜನರನ್ನು ಮೆಲ್ಲಮೆಲ್ಲನೆ ಕೊಂದಿತು.

ಆ ಕಾರ್ಮಿಕರು ಯಾರು? ಉತ್ತರ ಆರ್ಕಾಡು, ಚಿತ್ತೂರು, ಸೇಲಂ ಸೀಮೆಗಳಿಂದ ಹೊಟ್ಟೆಪಾಡಿಗಾಗಿ ಹೋದವರು. ಬಹುಪಾಲು ಸಮಾಜದ ಕೆಳಗಿನ ಮೆಟ್ಟಿಲಿನಲ್ಲಿ ತುಳಿಯಲ್ಪಟ್ಟವರು. 1965ರಲ್ಲಿ ಧರ್ಮಪುರಿ ಜಿಲ್ಲೆ ಪ್ರತ್ಯೇಕವಾಗುವವರೆಗೆ ನಮ್ಮ ಕಂಬೈನಲ್ಲೂರೂ ಸೇಲಂ ಜಿಲ್ಲೆಯದೇ ಆಗಿದ್ದಿತು. ತಮಿಳು, ತೆಲುಗು, ಕನ್ನಡಗಳನ್ನಾಡುವವರು ಅಲ್ಲಿ ಒಂದೇ ಕತ್ತಲೆಯಲ್ಲಿ ದುಡಿದರು. 1930ರಲ್ಲಿ ಬೆರಳಚ್ಚು ದಾಖಲಿಸುವ ಕ್ರಮವನ್ನು ವಿರೋಧಿಸಿ ಕಾರ್ಮಿಕರೆಲ್ಲ ಒಂದಾಗಿ ಮುಷ್ಕರ ಹೂಡಿದರು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಸ್ವತ್ತಾದವು. 1962ರಲ್ಲಿ ಕೇಂದ್ರದ ಕೈ ಸೇರಿದವು. ಸುಮಾರು 800 ಟನ್ ಚಿನ್ನವನ್ನಿತ್ತ ಬಳಿಕ, 2001ರ ಫೆಬ್ರವರಿ 28ರಂದು ಅವು ಮುಚ್ಚಲ್ಪಟ್ಟು ಸಾವಿರಾರು ಸಂಸಾರಗಳು ಜೀವನೋಪಾಯವನ್ನು ಕಳೆದುಕೊಂಡವು.

ಚಿನ್ನದ ತೂಕಕ್ಕೆ ಲೆಕ್ಕವಿದೆ. ಅದನ್ನು ತೆಗೆದವರ ಬಾಳಿಗೆ ಹಾಗೆ ಲೆಕ್ಕವಿಟ್ಟವರು ವಿರಳ. ಗಣಿಗೆ ಹೋಗಿಬಂದ ಹಿರಿಯರ ನೆನಪು ಯಾವ ಮನೆಯಲ್ಲಿ ಉಳಿದಿದೆಯೋ, ಆ ಮನೆಯ ಮಕ್ಕಳು ಅದನ್ನು ಕೇಳಿ ಬರೆದಿಡಬೇಕೆಂಬುದು ನಮ್ಮ ವಿನಂತಿ.