ಕೂವಂ ಮತ್ತು ಕೊಕ್ಕಿನ ಮೀನು

‘ಗಾರ್’ ಎಂಬ ಇಂಗ್ಲಿಷ್ ಹೆಸರು ಎರಡು ಬೇರೆ ಕುಲದ ಮೀನುಗಳಿಗೆ ಅಂಟಿಕೊಂಡಿದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಈಟಿ ಎಂದರ್ಥ. ಯುರೋಪಿನ ಕಡಲಲ್ಲಿ ಸಿಗುವ ಸೂಜಿಮೂತಿಯ ಮೀನಿಗೆ ಮೊದಲು ಈ ಹೆಸರಿತ್ತು. ಅಮೆರಿಕಕ್ಕೆ ವಲಸೆ ಹೋದವರು ಅಲ್ಲಿನ ತೊರೆಗಳಲ್ಲಿ ಉದ್ದ ದವಡೆಯ, ಗಟ್ಟಿ ಹುರುಪೆಯ ಇನ್ನೊಂದು ಮೀನನ್ನು ಕಂಡು ಅದಕ್ಕೂ ಅದನ್ನೇ ಇಟ್ಟರು. ಮೂತಿ ಬಿಟ್ಟರೆ ಇವೆರಡಕ್ಕೂ ಹತ್ತಿರದ ನಂಟಿಲ್ಲ. ದಕ್ಷಿಣ ಭಾರತದ ಹೊಳೆ, ಕೆರೆ, ಅಳಿವೆಗಳಲ್ಲಿರುವುದು ಮೊದಲನೆಯದರ ಬಳಗ. ಅದರಲ್ಲಿ ಕಡಲಿಗೆ ಸೇರಿದವುಗಳನ್ನು ತಮಿಳು ಬೆಸ್ತರು ‘ಮುರಲ್’ ಎನ್ನುತ್ತಾರೆ.

ಸಿಹಿನೀರಿನ ಕೊಕ್ಕಿನ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಗಂಗಾನದಿಯ ಮೀನುಗಳ ಕುರಿತ 1822ರ ಪುಸ್ತಕದಲ್ಲಿ ಅವನು ಇದಕ್ಕೆ ‘ಕ್ಯಾನ್ಸಿಲ’ ಎಂಬ ಹೆಸರು ಕೊಟ್ಟ. ಕನ್ನಡಿಗರಿಗೆ ಈತ ಹೊಸಬನಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬರೆದ ಬುಕಾನನ್ ಇವನೇ. ಹ್ಯಾಮಿಲ್ಟನ್ ಎಂಬುದು ಆಮೇಲೆ ಸೇರಿದ ಹೆಸರು.

ಈ ಮೀನು ಸಾಮಾನ್ಯವಾಗಿ ಗೇಣುದ್ದ, ಕೆಲವೊಮ್ಮೆ ಮೊಳದ ಹತ್ತಿರಕ್ಕೂ ಬೆಳೆಯುತ್ತದೆ. ಬೆನ್ನು ಹಸಿರು, ಹೊಟ್ಟೆ ಬೆಳ್ಳಿ. ನೀರಿನ ಮೇಲ್ಪದರದಲ್ಲಿ ತೇಲಿಬಿಟ್ಟ ಕಡ್ಡಿಯಂತೆ ಅಲ್ಲಾಡದೆ ನಿಂತಿರುತ್ತದೆ. ಮರಿಮೀನೋ ಸೀಗಡಿಯೋ ಹತ್ತಿರ ಸುಳಿದರೆ ಒಮ್ಮೆಲೇ ನುಗ್ಗಿ ಕೊಕ್ಕಿನಲ್ಲಿ ಅಡ್ಡಡ್ಡ ಕಚ್ಚಿ, ಆಮೇಲೆ ತಿರುಗಿಸಿ ನುಂಗುತ್ತದೆ. ಗಾಳದವನಿಗೆ ತೊಡಕಾಗುವುದು ಇಲ್ಲಿಯೇ. ಬೆಂಡು ಅಲುಗಿದೊಡನೆ ದಾರ ಎಳೆದರೆ ಕೊಕ್ಕೆ ಎಲುಬಿನ ಮೂತಿಗೆ ತಾಗಿ ಜಾರುತ್ತದೆ. ಮೀನು ಎರೆಯನ್ನು ಒಳಕ್ಕೆ ಎಳೆದುಕೊಳ್ಳುವವರೆಗೆ ಕಾಯಬೇಕು. ಇದೇ ತೊಡಕಿನಿಂದಾಗಿ, ಇದರ ಕಡಲ ಬಂಧುಗಳನ್ನು ಹಿಡಿಯಲು ಸಾಲೊಮನ್ ದ್ವೀಪಗಳ ಬೆಸ್ತರು ಕೊಕ್ಕೆಯನ್ನೇ ಬಿಟ್ಟುಕೊಟ್ಟರು. ಗಾಳಿಪಟದ ಬಾಲಕ್ಕೆ ಜೇಡರಬಲೆಯ ಉಂಡೆ ಕಟ್ಟಿ ನೀರ ಮೇಲೆ ಕುಣಿಸಿದರೆ, ಕಚ್ಚಿದ ಮೀನಿನ ಸಣ್ಣ ಹಲ್ಲುಗಳು ಆ ನೂಲಿಗೆ ಸಿಕ್ಕಿಬೀಳುತ್ತವೆ. ಅಮೆರಿಕದ ತೊರೆಗಳಲ್ಲಿ ಅಲ್ಲಿನ ಗಾರ್ ಹಿಡಿಯಲು ನೈಲಾನ್ ಹಗ್ಗದ ಬಿಚ್ಚಿದ ಎಳೆಗಳನ್ನು ಬಳಸುವುದೂ ಇದೇ ಯುಕ್ತಿ. ಕಡಲಿನ ಜಾತಿಗಳು ರಾತ್ರಿ ಬೆಳಕಿನತ್ತ ಧಾವಿಸಿ ಬರುತ್ತವೆ. ದೀಪವಿಟ್ಟ ದೋಣಿಗೆ ಹಾರಿ ಮನುಷ್ಯರಿಗೆ ಚುಚ್ಚಿದ್ದೂ ಉಂಟು.

ಮದರಾಸ್ ಪ್ರಾಂತ್ಯದಲ್ಲಿ ಒಳನಾಡಿನ ಮೀನಿನ ಬಗ್ಗೆ ಸರ್ಕಾರ ತಲೆಕೆಡಿಸಿಕೊಂಡದ್ದರ ಹಿಂದೆ ದಕ್ಷಿಣ ಕನ್ನಡದ ಪಾಲಿದೆ. ಅಲ್ಲಿನ ಕಲೆಕ್ಟರ್ ಹೆನ್ರಿ ಸಲಿವನ್ ಥಾಮಸ್ ಜಿಲ್ಲೆಯ ಮೀನು ಸಾಕಣೆಯ ಕುರಿತ ವರದಿಯನ್ನು 1870ರಲ್ಲಿ ಹೊರತಂದ. 1873ರಲ್ಲಿ ಅವನ ‘ದಿ ರಾಡ್ ಇನ್ ಇಂಡಿಯಾ’ ಮಂಗಳೂರಿನಲ್ಲೇ ಅಚ್ಚಾಗಿ, ಗಾಳದ ಹವ್ಯಾಸಿಗಳ ಕೈಪಿಡಿಯಾಯಿತು. ಮದರಾಸಿನ ವೈದ್ಯ ಸೇವೆಯಲ್ಲಿದ್ದ ಫ್ರಾನ್ಸಿಸ್ ಡೇ 1875–78ರಲ್ಲಿ ‘ದಿ ಫಿಶಸ್ ಆಫ್ ಇಂಡಿಯಾ’ ಪ್ರಕಟಿಸಿದ. ನೀರಿಗೆ ವಿಷ ಬೆರೆಸಿ, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು 1897ರ ಕಾಯ್ದೆ ನಿಷೇಧಿಸಿತು. ಮದರಾಸಿನ, ಅಂದರೆ ಇಂದಿನ ಚೆನ್ನೈನ, ಎಗ್ಮೋರಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವೂ ಈ ಕತೆಗೆ ಸೇರುತ್ತದೆ: 1885ರಿಂದ 1908ರವರೆಗೆ ಅದರ ಮೇಲ್ವಿಚಾರಕನಾಗಿದ್ದ ಎಡ್ಗರ್ ಥರ್ಸ್ಟನ್ನನ ಯೋಜನೆಯಂತೆ 1909ರಲ್ಲಿ ಮರೀನಾ ದಂಡೆಯಲ್ಲಿ ಮತ್ಸ್ಯಾಲಯ ತೆರೆಯಿತು.

ಇಷ್ಟೆಲ್ಲ ಕಾಗದದ ಮೇಲೆ ನಡೆಯುತ್ತಿದ್ದಾಗ ಪಕ್ಕದ ಹೊಳೆ ಮಾತ್ರ ಸೊರಗುತ್ತಿತ್ತು. ಎಗ್ಮೋರಿನ ಮಗ್ಗುಲಲ್ಲೇ ಕೂವಂ ಹರಿಯುತ್ತದೆ. ಹದಿನೆಂಟನೆಯ ಶತಮಾನದ ದಾನಿ ಪಚ್ಚೈಯಪ್ಪ ಮುದಲಿಯಾರರು ಕೋಮಳೀಶ್ವರನ್‌ಪೇಟೆಯಲ್ಲಿ ಇದೇ ನೀರಿನಲ್ಲಿ ಮಿಂದು ದೇವರ ದರ್ಶನಕ್ಕೆ ಹೋಗುತ್ತಿದ್ದರಂತೆ. ಈಗ ಸೇತುವೆ ದಾಟುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಕೆಡಲು ಕೊಳಚೆಯೊಂದೇ ಕಾರಣವಲ್ಲ. 1876ರಲ್ಲಿ ಬಂದರಿನ ಕೆಲಸ ಶುರುವಾದ ಮೇಲೆ ದಂಡೆಗುಂಟ ಸಾಗುತ್ತಿದ್ದ ಮರಳು ಅದರ ದಕ್ಷಿಣಕ್ಕೆ ತಡೆದು ನಿಂತಿತು. ಮರೀನಾ ಅಗಲವಾಯಿತು, ಕೂವಂನ ಅಳಿವೆ ಬಾಗಿಲಿಗೆ ಮರಳಿನ ದಿಬ್ಬ ಅಡ್ಡಬಂತು, ಉಬ್ಬರದ ನೀರು ಒಳಬಂದು ಹೊಳೆ ತೊಳೆಯುವುದು ಕಡಿಮೆಯಾಯಿತು. ಮೇಲ್ಗಡೆ ಅಣೆಕಟ್ಟುಗಳು ನಗರದ ಕುಡಿಯುವ ನೀರಿಗಾಗಿ ಹರಿವನ್ನು ಹಿಡಿದವು. ಮಳೆಗಾಲ ಬಿಟ್ಟರೆ ಉಳಿದದ್ದು ಚರಂಡಿ ನೀರು. ಚಿಂತಾದ್ರಿಪೇಟೆಯ ಬಳಿ 1950ರ ಸುಮಾರಿಗೆ 49 ಜಾತಿಯ ಮೀನುಗಳಿದ್ದವು. 1979ರ ಹೊತ್ತಿಗೆ 21 ಉಳಿದವು, 2000ಕ್ಕೆ ಒಂದೂ ಇಲ್ಲ. ಅದೇ ಪೇಟೆಯ ಮೀನು ಮಾರುಕಟ್ಟೆ ಮಾತ್ರ ಬೇರೆ ಕಡೆಯ ಮೀನಿನಿಂದ ಭರ್ತಿಯಾಗಿಯೇ ನಡೆಯಿತು.

ಹೀಗೆ ಇಲ್ಲಿನ ಮೀನು ಮರೆಯಾದರೆ, ಅದೇ ಹೆಸರಿನ ಇನ್ನೊಂದು ಮೀನು, ಅಮೆರಿಕದ ಗಾರ್, ಭಾರತಕ್ಕೆ ಬಂದದ್ದು ಗಾಜಿನ ತೊಟ್ಟಿಯ ದಾರಿಯಿಂದ. ಚೆನ್ನೈನ ಕೊಳತ್ತೂರು ಅಲಂಕಾರದ ಮೀನಿನ ದೊಡ್ಡ ಪೇಟೆ. ದೇಶದ ಇಂಥ ಪೇಟೆಗಳಲ್ಲಿ ಮೊಸಳೆಮೂತಿಯ ‘ಅಲಿಗೇಟರ್ ಗಾರ್’ ಮರಿಯಾಗಿದ್ದಾಗ ಮಾರಾಟವಾಗುತ್ತದೆ. ಬೆಳೆದರೆ ಎರಡು ಮೀಟರ್ ಮೀರುತ್ತದೆ. ಸಾಕಲಾಗದವರು ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಒಂದು ಸಿಕ್ಕಿತು.

ಎಗ್ಮೋರಿನ ಸುತ್ತ ಗಾಳ ಹಾಕಬೇಕೆನ್ನುವವರಿಗೆ ಈಗ ಹೊಳೆಯ ಬದಲು ಚೇಟ್‌ಪೆಟ್ ಕೆರೆಯಿದೆ. ಮೀನುಗಾರಿಕೆ ಇಲಾಖೆಯ ಕೈಯಲ್ಲಿದ್ದ ಈ ಕೆರೆ 2016ರಲ್ಲಿ ಪರಿಸರ ಉದ್ಯಾನವಾಗಿ ತೆರೆಯಿತು. ದೋಣಿವಿಹಾರದ ಜೊತೆಗೆ ದಡದಲ್ಲಿ ಕೂತು ಗಾಳ ಹಾಕಲೂ ಅಲ್ಲಿ ಜಾಗ ಮಾಡಿಕೊಟ್ಟಿದ್ದಾರೆ.