ಆಯಿಯ ಕಿವಿಯೊಳಗಿನ ಜೀರುಂಡೆ

"ತಮಾ, ಮಳೆ ಬಿಟ್ಟದ್ದೇ ಕಿವಿ ಶುರುವಾಯ್ತು ನೋಡು."

ಅಂಕೋಲೆಯ ಮನೆಯಲ್ಲಿ ಪ್ರತಿ ಅಕ್ಟೋಬರಿಗೆ ಆಯಿ ಹೇಳುವ ಮಾತಿದು. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಸುರಿಯುವಾಗ ಅವಳ ಕಿವಿಯ ಗುಂಯ್ ಸದ್ದು ಎಲ್ಲೋ ಅಡಗಿರುತ್ತದೆ. ಮಳೆ ನಿಂತಿತೋ, ಊರೆಲ್ಲ ಮಲಗಿದ ಮೇಲೆ ಇವಳೊಬ್ಬಳಿಗೆ ಜೀರುಂಡೆ ಕೂಗುತ್ತದೆ. ಕಾರವಾರದ ತಂಗಿಯ ಮನೆಗೆ ಹೋದಾಗ ಟಾಗೋರ್ ಕಡಲತೀರದಲ್ಲಿ ಕೂತರೆ ಮಾತ್ರ ಆರಾಮ. ಇದೆಲ್ಲ ಬರೀ ಭ್ರಮೆ ಎಂದುಕೊಂಡಿದ್ದೆ ನಾನು. ಈ ರೋಗದ ಚರಿತ್ರೆ ಓದಿದ ಮೇಲೆ ನಾಚಿಕೆಯಾಯಿತು.

ಇಂಗ್ಲಿಷಿನಲ್ಲಿ ಇದು ಟಿನಿಟಸ್. ನಮ್ಮ ಹಳೆಯ ಆಯುರ್ವೇದ ಗ್ರಂಥಗಳಲ್ಲಿ ಎರಡು ಹೆಸರಿವೆ. ಭೇರಿ, ಮೃದಂಗ, ಶಂಖದ ಹಾಗೆ ಕೇಳಿದರೆ ಕರ್ಣನಾದ. ಕೊಳಲಿನ ಹಾಗೆ ಕೇಳಿದರೆ ಕರ್ಣಕ್ಷ್ವೇಡ. ಎಷ್ಟು ಗಮನವಿಟ್ಟು ರೋಗಿಯ ಮಾತು ಕೇಳಿರಬೇಕು ಅವರು! ಕಾರಣ ವಾತ. ಕಿವಿನೋವು, ಕಿವುಡು, ಈ ಎರಡು ನಾದ, ನಾಲ್ಕಕ್ಕೂ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ, ಅದರಲ್ಲಿ ಕಿವಿಗೆ ಎಣ್ಣೆ ತುಂಬುವುದೂ ಸೇರಿದೆ. ಆ ಎಣ್ಣೆ ಇನ್ನೂ ನಮ್ಮ ಅಡುಗೆಮನೆ ಬಿಟ್ಟಿಲ್ಲ. ಯಾರೋ ಹೇಳಿದರೆಂದು ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟು, ಕಿವಿ ಸೋರಿ ಆಯಿ ಹದಿನೈದು ದಿನ ಒದ್ದಾಡಿದಳು. ತಮಟೆಯಲ್ಲಿ ತೂತಿತ್ತೆಂದು ಆಮೇಲೆ ಗೊತ್ತಾಯಿತು. ದಯವಿಟ್ಟು ಪರೀಕ್ಷೆ ಮಾಡಿಸದೆ ಏನನ್ನೂ ಹಾಕಬೇಡಿ. (ಬೆಳಂಬಾರಕ್ಕೆ ಕರ್ಕೊಂಡು ಹೋಗಿ ಎಂದವರೂ ಇದ್ದರು. ಬೆಳಂಬಾರ ಹೆಸರಾದದ್ದು ಲಕ್ವದ ಔಷಧಿಗೆ ಮಾರಾಯ್ರೆ!)

ಆಯಿಯ ಮಳೆಗೆ ಸಾಕ್ಷಿ ಸಿಕ್ಕಿದ್ದು ಪ್ಯಾರಿಸಿನಲ್ಲಿ. ಅಲ್ಲಿನ ವೈದ್ಯ ಇತಾರ್ 1821ರಲ್ಲಿ ಕಿವಿರೋಗಗಳ ಬಗ್ಗೆ ದೊಡ್ಡ ಪುಸ್ತಕ ಬರೆದ. ಒಳಗಿನ ಸದ್ದನ್ನು ಹೊರಗಿನ ಸದ್ದಿನಿಂದ ಮುಚ್ಚಬಹುದು ಎನ್ನುವುದು ಅವನ ಉಪಾಯ. ಉರಿಯುವ ಬೆಂಕಿಯ ಸದ್ದು ಕೇಳಿಸುತ್ತಿದ್ದ. ಒಬ್ಬ ಹೆಂಗಸಿಗೆ ನೀರಿನ ಗಿರಣಿಯ ಪಕ್ಕ ಹೋಗಿ ಇರಲು ಹೇಳಿದನಂತೆ. 1970ರ ದಶಕದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜ್ಯಾಕ್ ವರ್ನನ್ ಇದನ್ನೇ ಕಿವಿಗೆ ಹಾಕುವ ಯಂತ್ರ ಮಾಡಿದರು. ಅವರ ಜೊತೆಗಿದ್ದ ರೋಗಿಗೆ ಕಾರಂಜಿಯ ಬಳಿ ನಿಂತಾಗ ಗುಂಯ್ ಮಾಯವಾದದ್ದೇ ಅದಕ್ಕೆ ಪ್ರೇರಣೆ. ಕಾರವಾರದ ಕಡಲೂ ಅದೇ ಕೆಲಸ ಮಾಡುತ್ತಿತ್ತು, ನೋಡಿ!

ನಡುವೆ ಬೇರೆ ಪ್ರಯತ್ನಗಳೂ ನಡೆದವು. 1935ರಲ್ಲಿ ಬಾರಾನಿ ಎಂಬ ನೊಬೆಲ್ ವಿಜೇತರು ಮೂಗಿಗೆ ಕೊಟ್ಟ ಮರಗಟ್ಟಿಸುವ ಔಷಧದಿಂದ ಸದ್ದು ಕಡಿಮೆಯಾದದ್ದನ್ನು ಗಮನಿಸಿದರು, ಆದರೆ ಅದು ಸ್ವಲ್ಪ ಹೊತ್ತು ಮಾತ್ರ. ಶ್ರವಣ ನರವನ್ನೇ ಕತ್ತರಿಸಿದರೂ ಹಲವರಿಗೆ ಸದ್ದು ಹೋಗಲಿಲ್ಲ! ಅಂದರೆ ಜೀರುಂಡೆ ಬರೀ ಕಿವಿಯಲ್ಲಿಲ್ಲ, ಮಿದುಳಿನಲ್ಲೂ ಇದೆ. 1990ರಲ್ಲಿ ಯಾಸ್ಟ್ರೆಬೋಫ್ ಇದನ್ನು ಸಿದ್ಧಾಂತ ಮಾಡಿದರು: ಸದ್ದನ್ನು ಅಪಾಯವೆಂದು ಮಿದುಳು ಕಾಯುತ್ತಾ ಕೂತಷ್ಟೂ ಅದು ಜೋರಾಗಿ ಕಾಡುತ್ತದೆ. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸದ ಹಾಗೆ ಇದಕ್ಕೂ ಒಗ್ಗಿಕೊಳ್ಳುವುದನ್ನು ಕಲಿಸಬೇಕು. ಮೌನದ ಕೋಣೆ ಬೇಡ.

ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ 2014ರ ಮಾರ್ಗಸೂಚಿಯೂ ಹತ್ತಿರತ್ತಿರ ಇದನ್ನೇ ಹೇಳುತ್ತದೆ: ಕಿವಿ ಮಂದವಿದ್ದರೆ ಶ್ರವಣ ಯಂತ್ರ, ಕಾಟ ಹೆಚ್ಚಿದ್ದರೆ ಯೋಚನೆಯ ದಾರಿ ಬದಲಿಸುವ ಮಾನಸಿಕ ಚಿಕಿತ್ಸೆ, ಬೇಕಾದವರಿಗೆ ಹೊರಗಿನ ಸದ್ದು. ಗಿಂಕೋ ಮಾತ್ರೆ, ಸತು ಬೇಡವೆಂದಿದೆ. ನಾವು ಗಿಂಕೋಗೆ ಸುರಿದ ದುಡ್ಡು ಹೋಯಿತು :( ಆದರೆ ಒಂದೇ ಕಿವಿಯಲ್ಲಿ ಸದ್ದು, ನಾಡಿಯ ಬಡಿತದಂತೆ ಸದ್ದು, ದಿಢೀರ್ ಕಿವುಡು ಇದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೇ ಇದೆ. ಕಾರವಾರಕ್ಕೆ ಮೆಡಿಕಲ್ ಕಾಲೇಜು ಬಂದದ್ದು 2016ರಲ್ಲಿ. ಆಯಿಗೆ ಈಗ ಶ್ರವಣ ಯಂತ್ರವಿದೆ. ರಾತ್ರಿ ಅದನ್ನು ತೆಗೆದಿಟ್ಟು, ಫ್ಯಾನ್ ಹಾಕಿ, ನಾನು ಮೊಬೈಲಿನಲ್ಲಿ ಹಚ್ಚಿಕೊಡುವ ಮಳೆಯ ಸದ್ದು ಕೇಳುತ್ತಾಳೆ.

"ಗುಂಯ್ ಇದೆಯಾ?" ಅಂದೆ ಮೊನ್ನೆ.

"ಇದ್ದದೆ. ನೀ ಕೇಳಿದ್ಮೇಲೆ ನೆನಪಾಯ್ತು."