ಹರಾಜುಕಟ್ಟೆಯ ಒಡೆಯರು: ಅಂತರಜಾಲ ಜಾಹೀರಾತಿನ ಮೂರು ದಶಕ

1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಜಾಲಪತ್ರಿಕೆ ತನ್ನ ಪುಟದಲ್ಲಿ ಎಟಿ ಅಂಡ್ ಟಿ ಕಂಪನಿಯದೊಂದು ಉದ್ದನೆಯ ಪಟ್ಟಿಯಂಥ ಜಾಹೀರಾತನ್ನು ಹಾಕಿತು. ನೋಡಿದವರಲ್ಲಿ ಶೇ 44ರಷ್ಟು ಮಂದಿ ಅದನ್ನು ಕ್ಲಿಕ್ಕಿಸಿದರೆಂದು ಹೇಳುತ್ತಾರೆ. ಇಂದು ಸಾಮಾನ್ಯ ಬ್ಯಾನರ್ ಒಂದನ್ನು ನೂರರಲ್ಲಿ ಒಬ್ಬರೂ ಒತ್ತುವುದಿಲ್ಲ. ಹೊಸತನ ಮಾಸಿದ್ದಷ್ಟೇ ಇದಕ್ಕೆ ಕಾರಣವಲ್ಲ. ಅಚ್ಚಾಗುವ ಪತ್ರಿಕೆಯ ಪುಟಗಳಿಗೆ ಮಿತಿಯಿದೆ, ಜಾಲದ ಪುಟಗಳಿಗಿಲ್ಲ. ಯಾರು ಬೇಕಾದರೂ ಎಷ್ಟು ಬೇಕಾದರೂ ಜಾಗ ಸೃಷ್ಟಿಸಬಹುದಾದ ಕಡೆ ಬರೀ ಜಾಗಕ್ಕೆ ಬೆಲೆ ನಿಲ್ಲುವುದಿಲ್ಲ. ಮತ್ತೆ ಯಾವುದಕ್ಕೆ ಬೆಲೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಂಡ ಕಂಪನಿಗಳು ಉಳಿದವು.

ಯಾಹೂ ಕೊಟ್ಟದ್ದು ಹಳೆಯ ಪತ್ರಿಕೆಗಳ ಉತ್ತರ: ಜನರನ್ನು ಒಂದೆಡೆ ಸೇರಿಸು, ಮುಖಪುಟವನ್ನು ದುಬಾರಿಗೆ ಮಾರು. ಡಾಟ್‌ಕಾಂ ಅಬ್ಬರ ಇದ್ದಷ್ಟು ದಿನ ಇದು ಸೊಗಸಾಗಿ ನಡೆಯಿತು. ಆದರೆ ಜಾಹೀರಾತು ಕೊಡುತ್ತಿದ್ದವರಲ್ಲಿ ಬಹಳಷ್ಟು ಮಂದಿ ಡಾಟ್‌ಕಾಂ ಕಂಪನಿಗಳವರೇ. 2001ರಲ್ಲಿ ಅವು ಸಾಲುಸಾಲಾಗಿ ಮುಳುಗಿದಾಗ ಯಾಹೂವಿನ ಆದಾಯವೂ ಜರ್ರನೆ ಇಳಿಯಿತು.

ನ್ಯೂಯಾರ್ಕಿನ ಡಬಲ್‌ಕ್ಲಿಕ್ ಹಿಡಿದ ದಾರಿ ಬೇರೆ. ಪುಟದ ಒಡೆತನದ ಗೊಡವೆಗೆ ಅದು ಹೆಚ್ಚು ಹೋಗಲಿಲ್ಲ. ಯಾವ ಪುಟದ ಯಾವ ಮೂಲೆಗೆ ಯಾವ ಜಾಹೀರಾತು ಹೋಗಬೇಕೆಂದು ತೀರ್ಮಾನಿಸುವ, ಎಷ್ಟು ಜನ ನೋಡಿದರೆಂದು ಲೆಕ್ಕವಿಡುವ ಸರ್ವರನ್ನು ಕಟ್ಟಿ ಬಾಡಿಗೆಗೆ ಕೊಟ್ಟಿತು. ಕಣ್ಣಿಗೆ ಕಾಣದ, ಆಕರ್ಷಣೆಯೂ ಇಲ್ಲದ ಈ ಗುಮಾಸ್ತಿಕೆಯ ಕೆಲಸವೇ ಮುಂದೆ ಇಡೀ ಉದ್ಯಮದ ಜುಟ್ಟು ಹಿಡಿಯಿತು. ಕಂಪನಿ ಎಡವಿದ್ದೂ ಇದೆ. 1999ರಲ್ಲಿ ಅಬ್ಯಾಕಸ್ ಡೈರೆಕ್ಟನ್ನು ಕೊಂಡು, ಅಂಚೆ ಮೂಲಕ ಸರಕು ತರಿಸುವವರ ಹೆಸರು–ವಿಳಾಸಗಳನ್ನು, ಬ್ರೌಸರಿನಲ್ಲಿ ಗುರುತು ಉಳಿಸುವ ಕುಕಿಗಳ ಜೊತೆ ಬೆಸೆಯಲು ಹೊರಟಾಗ ದೊಡ್ಡ ಗಲಾಟೆಯಾಯಿತು. ಮರುವರ್ಷ ಹಿಂದೆ ಸರಿಯಬೇಕಾಯಿತು.

ನಿರ್ಣಾಯಕ ವರ್ಷ 2007. ಏಪ್ರಿಲ್‌ನಲ್ಲಿ ಗೂಗಲ್ 310 ಕೋಟಿ ಡಾಲರಿಗೆ ಡಬಲ್‌ಕ್ಲಿಕ್ ಕೊಳ್ಳುವುದಾಗಿ ಸಾರಿತು. ಅದೇ ತಿಂಗಳು ಯಾಹೂ, ರೈಟ್ ಮೀಡಿಯಾ ಎಂಬ ಜಾಹೀರಾತು ವಿನಿಮಯ ಕೇಂದ್ರವನ್ನು ಪೂರ್ತಿಯಾಗಿ ತನ್ನದಾಗಿಸಿಕೊಳ್ಳಲು ಮುಂದಾಯಿತು. ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಕ್ವಾಂಟಿವ್ ಎಂಬ ಜಾಹೀರಾತು ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿ, ಸುಮಾರು 630 ಕೋಟಿ ಡಾಲರ್ ತೆತ್ತಿತು. 2012ರಲ್ಲಿ ಅದಕ್ಕೆ ಸಂಬಂಧಿಸಿದ 620 ಕೋಟಿ ಡಾಲರನ್ನು ನಷ್ಟವೆಂದು ಬರೆದುಹಾಕಿತು. ಹೆಚ್ಚು ಸುರಿದವರು ಸೋತರು. ವಿನಿಮಯ ಕೇಂದ್ರವನ್ನು ಮೊದಲು ಪಡೆದ ಯಾಹೂ ಕೂಡ ಅದನ್ನು ಮಾರಾಟವಾಗದೆ ಉಳಿದ ಅಗ್ಗದ ಜಾಗಗಳ ಸಂತೆಯಾಗಲು ಬಿಟ್ಟಿತು.

ಗೂಗಲ್ ಗೆದ್ದದ್ದು ಜೋಡಣೆಯಲ್ಲಿ. ಹುಡುಕಾಟದ ಜಾಹೀರಾತಿನಿಂದಾಗಿ ಲಕ್ಷಾಂತರ ಸಣ್ಣಪುಟ್ಟ ಗಿರಾಕಿಗಳು ಆಗಲೇ ಅದರ ಬಳಿ ಇದ್ದರು. ಪ್ರಕಾಶಕರ, ಅಂದರೆ ಜಾಲತಾಣ ನಡೆಸುವವರ, ಸರ್ವರ್ ಡಬಲ್‌ಕ್ಲಿಕ್‌ನಿಂದ ಬಂತು. 2009ರಲ್ಲಿ ಇವೆರಡರ ನಡುವೆ ಆಡ್ಎಕ್ಸ್ ಎಂಬ ಹರಾಜುಕಟ್ಟೆ ಹೊಸ ರೂಪದಲ್ಲಿ ನಿಂತಿತು. ಪುಟ ತೆರೆಯುವ ಕ್ಷಣದಲ್ಲೇ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಓದುಗನ ಹರಾಜು ಮುಗಿಯುತ್ತದೆ. ಎಪಿಎಂಸಿ ಅಂಗಳದಲ್ಲಿ ರೈತನ ಪರ ಮಾರುವವನು, ವರ್ತಕನ ಪರ ಕೂಗುವವನು, ತಕ್ಕಡಿಯ ಯಜಮಾನ ಮೂವರೂ ಒಬ್ಬನೇ ಆದರೆ ಹೇಗೋ ಹಾಗಿತ್ತು ಗೂಗಲ್‌ನ ಸ್ಥಾನ. ಕಟ್ಟೆಯ ಶುಲ್ಕ ಸುಮಾರು ಶೇ 20. ಪೈಪೋಟಿ ಇರುವ ಕಡೆ ಇಷ್ಟು ಎತ್ತರದ ಶುಲ್ಕ ವರ್ಷಗಟ್ಟಲೆ ಅಲುಗದೆ ನಿಲ್ಲುವುದಿಲ್ಲ ಎಂಬುದು ನನ್ನ ಅನಿಸಿಕೆ. ಪ್ರಕಾಶಕರು 2014–15ರ ಹೊತ್ತಿಗೆ ಹೆಡರ್ ಬಿಡ್ಡಿಂಗ್ ಎಂಬ ಉಪಾಯ ಹೂಡಿ, ಗೂಗಲ್ ಸರ್ವರಿಗೆ ಒಪ್ಪಿಸುವ ಮುನ್ನವೇ ಹಲವು ಕಟ್ಟೆಗಳಲ್ಲಿ ಒಟ್ಟಿಗೆ ಕೂಗಿಸತೊಡಗಿದರು. ಆದಾಯ ಸ್ವಲ್ಪ ಏರಿತು. ಆದರೆ ಕೊನೆಯ ತೀರ್ಮಾನ ಅದೇ ಸರ್ವರಿನಲ್ಲಿ ಉಳಿಯಿತು.

ಫೇಸ್‌ಬುಕ್ ಈ ಅಂಗಳಕ್ಕೆ ಬರಲೇ ಇಲ್ಲ ಎನ್ನಬಹುದು. ಜನ ತಾವಾಗಿ ಹೆಸರು, ವಯಸ್ಸು, ಊರು, ನಂಟು ಎಲ್ಲವನ್ನೂ ಬರೆದುಕೊಟ್ಟ ಮೇಲೆ ಕುಕಿಗಳ ಹಂಗು ಯಾಕೆ? ಅದು ತನ್ನದೇ ಬೇಲಿಯೊಳಗೆ ಮಾರಿತು. 2011ರಲ್ಲಿ ಅಮೆರಿಕದ ಡಿಸ್‌ಪ್ಲೇ (ಬ್ಯಾನರಿನಂಥ) ಜಾಹೀರಾತಿನ ಆದಾಯದಲ್ಲಿ ಯಾಹೂವನ್ನು ಹಿಂದಿಕ್ಕಿತು. ಆದರೆ ಬೇಲಿ ನಿಂತ ನೆಲ ಇನ್ನೊಬ್ಬರದು. 2021ರಲ್ಲಿ ಆಪಲ್, ಬಳಕೆದಾರರ ಒಪ್ಪಿಗೆಯಿಲ್ಲದೆ ಐಫೋನಿನಲ್ಲಿ ಬೆನ್ನುಹತ್ತಬಾರದೆಂದು ನಿಯಮ ತಂದಾಗ, 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯಕ್ಕೆ ಹೊಡೆತ ಬೀಳಬಹುದೆಂದು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಅಂದಾಜಿಸಿತು.

ಇದೇ ಪಾಠವನ್ನು ಬೆಂಗಳೂರಿನ ಇನ್‌ಮೊಬಿ ಬೇರೆ ರೀತಿ ಕಲಿತಿದೆ. 2007ರಲ್ಲಿ ಎಂಖೋಜ್ ಹೆಸರಿನಲ್ಲಿ ಎಸ್ಎಂಎಸ್ ಹುಡುಕಾಟದಿಂದ ಶುರುವಾದ ಇದು ಮೊಬೈಲ್ ಜಾಹೀರಾತಿಗೆ ಹೊರಳಿತು. ದೈತ್ಯರು ಇನ್ನೂ ಗಂಭೀರವಾಗಿ ಕಾಲಿಡದ ಏಷ್ಯಾ, ಆಫ್ರಿಕಾಗಳಲ್ಲಿ ಬೇರೂರಿ, 2011ರಲ್ಲಿ ಸಾಫ್ಟ್‌ಬ್ಯಾಂಕಿನಿಂದ 20 ಕೋಟಿ ಡಾಲರ್ ಹೂಡಿಕೆ ಪಡೆಯಿತು. ಅನುಮತಿಯಿಲ್ಲದೆ ಜನರಿರುವ ಸ್ಥಳ ಪತ್ತೆಹಚ್ಚಿದ ಆರೋಪಕ್ಕಾಗಿ 2016ರಲ್ಲಿ ಅಮೆರಿಕದಲ್ಲಿ 9.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಮುಂದೆ ಅದರ ಗ್ಲಾನ್ಸ್ ಎಂಬ ಸೇವೆ ಫೋನಿನ ಲಾಕ್ ಪರದೆಗೇ ಬಂದು ಕೂತಿತು. ಬಾಡಿಗೆಯ ಜಾಗದಲ್ಲಿ ಎಷ್ಟು ದಿನ ಅಂಗಡಿ ಇಡುವುದು ಎಂಬ ಲೆಕ್ಕಾಚಾರ ಅಲ್ಲಿ ಕಾಣುತ್ತದೆ.

2025ರ ಏಪ್ರಿಲ್ 17ರಂದು ವರ್ಜೀನಿಯಾದ ನ್ಯಾಯಾಧೀಶೆ ಲಿಯೊನಿ ಬ್ರಿಂಕೆಮಾ, ಪ್ರಕಾಶಕರ ಸರ್ವರ್ ಹಾಗೂ ವಿನಿಮಯ ಕೇಂದ್ರಗಳ ಮಾರುಕಟ್ಟೆಯಲ್ಲಿ ಗೂಗಲ್ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆಯೆಂದು ತೀರ್ಪಿತ್ತರು. ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಆಯೋಗ 295 ಕೋಟಿ ಯೂರೊ ದಂಡ ವಿಧಿಸಿತು. ಅಷ್ಟರಲ್ಲಿ ಜಾಹೀರಾತಿನ ಹಣ ಮುಕ್ತ ಜಾಲದಿಂದ ಅಮೆಜಾನ್, ಯೂಟ್ಯೂಬ್, ಇನ್‌ಸ್ಟಾಗ್ರಾಂಗಳ ಬೇಲಿಯೊಳಗೆ ಹರಿದಾಗಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಗೂಗಲ್ ನ್ಯಾಯಾಲಯಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ, ಮುಕ್ತ ಜಾಲ ಆಗಲೇ ವೇಗವಾಗಿ ಕ್ಷೀಣಿಸುತ್ತಿದೆ ಎಂದು ಬರೆದಿತ್ತು. ಸುದ್ದಿ ಹಬ್ಬಿ ಟೀಕೆ ಬಂದ ಮೇಲೆ, ತಾನು ಹೇಳಿದ್ದು ಮುಕ್ತ ಜಾಲದ ಡಿಸ್‌ಪ್ಲೇ ಜಾಹೀರಾತಿನ ಬಗ್ಗೆ ಮಾತ್ರ ಎಂದು ಕಂಪನಿ ಸ್ಪಷ್ಟನೆ ಕೊಟ್ಟಿತು.